ಕಾಳು ಬೇಯುತ್ತಿಲ್ಲವೇ?

ಗಂಗಾನಗರದ ನಿಮ್ಮ ಮನೆಯಲ್ಲಿ ಕೊಳವೆಬಾವಿ ನೀರಿಗೆ ಹಾಕಿದ ಕಡಲೆಕಾಳು ಎಷ್ಟು ವಿಷಲ್ ಕೂಗಿಸಿದರೂ ಗಟ್ಟಿಯಾಗಿಯೇ ಇದೆಯೇ? ತಪ್ಪು ಕುಕ್ಕರಿನದೇ ಆಗಬೇಕಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನಲ್ಲಿರುವ ಪೆಕ್ಟಿನ್ ಅಂಶವನ್ನು ಬಿಗಿಗೊಳಿಸುತ್ತವೆ. ಹುಣಸೆಹಣ್ಣು, ಟೊಮೆಟೊ ಹುಳಿಯೂ ಕಾಳನ್ನು ಮೆತ್ತಗಾಗಲು ಬಿಡದು. ಹಳೆಯ ಕಾಳಂತೂ ಇನ್ನೂ ನಿಧಾನ.

ಕಾಳನ್ನು ಕಾವೇರಿ ನೀರು ಅಥವಾ ಆರ್‌ಒ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಆ ನೀರು ಚೆಲ್ಲಿ, ಅಂಥದೇ ಹೊಸ ನೀರಿನಲ್ಲಿ ಬೇಯಿಸಿ. ಸಾರಿಗೆ ಹುಳಿ ಹಾಕುವುದು ಕಾಳು ಬೆಂದ ನಂತರವೇ. ಅಡುಗೆ ಸೋಡಾ ಬೇಗ ಬೇಯಿಸೀತು, ಆದರೆ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ.

ರಾಜ್ಮಾ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ, ಭೇದಿ ತರುತ್ತದೆ. ನೆನೆಸಿದ ಮೇಲೂ ಅದು ಕನಿಷ್ಠ 10 ನಿಮಿಷ ಕೊತಕೊತ ಕುದಿಯಬೇಕು, ಆಮೇಲೆ ಪೂರ್ತಿ ಬೇಯಬೇಕು. ಬೆರಳಲ್ಲಿ ಒತ್ತಿದರೆ ನುಣ್ಣಗಾಗದ ಕಾಳನ್ನು ಮಕ್ಕಳಿಗೆ ಬಡಿಸಬೇಡಿ.