ನೂಲಿನ ಉಗ್ರಾಣದಲ್ಲಿ 46 ಮನೆ

ಬಾರ್ಸಿಲೋನಾದ ಕೆಂಪು ಮೆಟ್ರೊ ಮಾರ್ಗದಲ್ಲಿ ಸಾಂತ್ ಆಂದ್ರೆವ್ ನಿಲ್ದಾಣದಲ್ಲಿ ಇಳಿದರೆ, ಪ್ರವಾಸಿಗರ ಬಾರ್ಸಿಲೋನಾ ಮರೆಯಾಗಿ ದುಡಿಯುವವರ ಬಾರ್ಸಿಲೋನಾ ಎದುರಾಗುತ್ತದೆ. 1897ರಲ್ಲಿ ನಗರದೊಳಗೆ ಸೇರಿಕೊಳ್ಳುವವರೆಗೂ ಇದು ಬೇರೆಯದೇ ಊರು. ತರಕಾರಿ ಕೈಚೀಲ ಹಿಡಿದ ಅಜ್ಜಿಯರು, ಶಾಲೆ ಬಿಟ್ಟು ಬರುವ ಮಕ್ಕಳು, ತಗ್ಗಿನ ಮನೆಗಳು. ಅವುಗಳ ನಡುವೆ ಹಲವು ಬೀದಿಗಳಷ್ಟು ಜಾಗ ಹಿಡಿದು ನಿಂತಿದೆ ಫಾಬ್ರಾ ಇ ಕೋಟ್ಸ್ ನೂಲಿನ ಕಾರ್ಖಾನೆ.

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಇಲ್ಲಿ ಉಗಿಯಂತ್ರದಿಂದ ನೂಲು ತೆಗೆಯುವ ಕೆಲಸ ಶುರುವಾಗಿತ್ತು. 1903ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಜೆ. ಅಂಡ್ ಪಿ. ಕೋಟ್ಸ್ ಕಂಪನಿ ಫಾಬ್ರಾ ಮನೆತನದ ಉದ್ಯಮದ ಜೊತೆ ಕೈಜೋಡಿಸಿತು. ನಮ್ಮ ಟೈಲರ್ ಅಂಗಡಿಗಳಲ್ಲಿ ಮಧುರಾ ಕೋಟ್ಸ್ ದಾರದ ಉಂಡೆ ನೋಡಿದವರಿಗೆ ಈ ಕೋಟ್ಸ್ ಪರಿಚಿತರೇ; ಎರಡರ ಹಿಂದೆಯೂ ಇರುವುದು ಅದೇ ಪೇಸ್ಲಿಯ ಕಂಪನಿ. ಇಲ್ಲಿ ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ತಾಯಿಯ ಹಿಂದೆ ಮಗಳೂ ಇಲ್ಲಿಗೇ ಕೆಲಸಕ್ಕೆ ಬಂದ ಮನೆಗಳು ಸುತ್ತಲೂ ಇವೆ. 2005ರ ಹೊತ್ತಿಗೆ ಕೆಲಸ ಪೂರಾ ನಿಂತಿತು. ಅಷ್ಟರಲ್ಲಿ ಆವರಣವನ್ನು ನಗರಸಭೆ ಕೊಂಡುಕೊಂಡಿತ್ತು. ಮುಂದಿನದೆಲ್ಲ ಸಾಧ್ಯವಾದದ್ದು ಈ ಒಂದು ಹೆಜ್ಜೆಯಿಂದ.

ಮೊದಲು ಸಿಗುವುದು ಕಾನ್ ಫಾಬ್ರಾ ಚೌಕ. ಅಲ್ಲಿನ ಹಳೆಯ ಕಾರ್ಖಾನೆ ಕಟ್ಟಡದಲ್ಲಿ ಈಗ ಬಡಾವಣೆಯ ಗ್ರಂಥಾಲಯವಿದೆ. ಮುಂದೆ ಹೋದರೆ ಬಾಯ್ಲರ್ ಮನೆ. ಕಲ್ಲಿದ್ದಲು ತಿಂದು ಇಡೀ ಕಾರ್ಖಾನೆಗೆ ಉಗಿ ಕೊಡುತ್ತಿದ್ದ ದೈತ್ಯ ಬಾಯ್ಲರುಗಳು ಇನ್ನೂ ಸ್ವಸ್ಥಾನದಲ್ಲೇ ಇವೆ: ರಿವೆಟ್ ಹೊಡೆದ ಕಬ್ಬಿಣದ ತಗಡು, ಭಾರದ ಬಾಗಿಲು, ಒತ್ತಡ ತೋರಿಸುವ ಗಡಿಯಾರದಂಥ ಮಾಪಕ. ಇವು ಗುಜರಿಗೆ ಹೋಗದಂತೆ ಕಾಯ್ದವರಲ್ಲಿ ಇಲ್ಲೇ ದುಡಿದು ನಿವೃತ್ತರಾದವರಿದ್ದಾರೆ. ಫಾಬ್ರಾ ಇ ಕೋಟ್ಸ್ ಗೆಳೆಯರ ಸಂಘ ಕಟ್ಟಿಕೊಂಡು ಕಾರ್ಖಾನೆಯ ನೆನಪನ್ನು ಜೋಪಾನ ಮಾಡುತ್ತಿದ್ದಾರೆ. ತಮ್ಮ ದುಡಿಮೆಯ ಚರಿತ್ರೆಯನ್ನು ತಾವೇ ಹೇಳುವ ಹಕ್ಕು ಕಾರ್ಮಿಕರಿಗೆ ಸಿಕ್ಕಿರುವ ಜಾಗಗಳು ಜಗತ್ತಿನಲ್ಲಿ ಕಡಿಮೆ.

ಎದುರಿನ ದೊಡ್ಡ ಕಟ್ಟಡದಲ್ಲಿ ಕಲಾವಿದರ ಕಾರ್ಯಾಗಾರಗಳು, ತಾಲೀಮು ಕೋಣೆಗಳು, ಸಮಕಾಲೀನ ಕಲಾಕೇಂದ್ರ. ಹಳೆಯ ಉಗ್ರಾಣ ಇರುವುದು ಇವುಗಳ ಪಕ್ಕದಲ್ಲೇ. ಇಪ್ಪತ್ತನೇ ಶತಮಾನದ ಆರಂಭದ್ದು. ಉದ್ದ ಸುಮಾರು 100 ಮೀಟರ್. ನೂಲಿನ ಸರಕು ತುಂಬಿಡುತ್ತಿದ್ದ ಈ ಕಟ್ಟಡದೊಳಗೆ 2019ರಲ್ಲಿ 46 ಸಾಮಾಜಿಕ ವಸತಿ ಮನೆಗಳು ಎದ್ದವು. ವಿನ್ಯಾಸ ರೊಲ್ದಾನ್ ಮತ್ತು ಬೆರೆಂಗೆ ವಾಸ್ತುಶಿಲ್ಪಿಗಳದ್ದು.

ಹೊರಗೋಡೆ, ಸಾಲು ಕಿಟಕಿ, ಇಳಿಜಾರು ಛಾವಣಿ ಎಲ್ಲವೂ ಹಳೆಯವೇ. ಒಳಗೆ ಮಾತ್ರ ಪೂರ್ತಿ ಹೊಸ ಮರದ ಕಟ್ಟೋಣ. ಸಿಮೆಂಟು ಕಲಸದೆ, ಸಿದ್ಧ ಮರದ ಹಲಗೆಗಳನ್ನು ತಂದು ಜೋಡಿಸಿದ್ದಾರೆ. ಮರ ಹಗುರ, ಹಳೆಯ ಗೋಡೆಗೂ ಪಾಯಕ್ಕೂ ಹೊರೆಯಾಗುವುದಿಲ್ಲ. ಉಗ್ರಾಣದ ಅಂತಸ್ತುಗಳು ಬಹಳ ಎತ್ತರ, ಹೀಗಾಗಿ ಅವುಗಳ ನಡುವೆ ಹೊಸ ಅಂತಸ್ತುಗಳು ಹಿಡಿಸಿವೆ. ಕಟ್ಟಡದ ನಡುವಿನಿಂದ ಮೆಟ್ಟಿಲು ಏರಿದರೆ ಮನೆಗಳ ಮುಂದೆ ಹಾಯುವ ಓಣಿ ಸಿಗುತ್ತದೆ. ಅಲ್ಲಿ ನಿಂತರೆ ಒಂದು ಬದಿಗೆ ಹೊಸ ಮರದ ತಿಳಿ ಬಣ್ಣ, ಇನ್ನೊಂದು ಬದಿಗೆ ನೂರು ವರ್ಷ ದಾಟಿದ ಗೋಡೆ. ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಕಟ್ಟಡವೇ ಪ್ರಾಮಾಣಿಕವಾಗಿ ತೋರಿಸುತ್ತದೆ.

ಮನೆಗಳು ಇರುವುದು ಯುವಜನರಿಗಾಗಿ. ಮಾರುಕಟ್ಟೆಯ ಬಾಡಿಗೆ ತೆರಲಾಗದೆ ಮೂವತ್ತು ದಾಟಿದರೂ ಹೆತ್ತವರ ಮನೆಯಲ್ಲೇ ಉಳಿಯಬೇಕಾದ ಹುಡುಗ ಹುಡುಗಿಯರು ಬಾರ್ಸಿಲೋನಾದಲ್ಲಿ ಬೇಕಾದಷ್ಟಿದ್ದಾರೆ. ಇದೇ ನಗರದ ಪೊಬ್ಲೆನೊವು ಬಡಾವಣೆಯಲ್ಲಿ ಎಷ್ಟೋ ಹಳೆಯ ಕಾರ್ಖಾನೆಗಳು ಉಳ್ಳವರ ಲಾಫ್ಟ್ ಮನೆಗಳಾಗಿವೆ. ಅಲ್ಲಿಯೂ ಇಟ್ಟಿಗೆ ಉಳಿಯಿತು, ಕಮಾನು ಉಳಿಯಿತು, ಚಿಮಣಿಯೂ ಉಳಿಯಿತು. ಉಳಿಯದೆ ಹೋದವರು ಅಲ್ಲಿ ದುಡಿದವರ ಮಕ್ಕಳು. ಪಾರಂಪರಿಕ ಕಟ್ಟಡವನ್ನು ಉಳಿಸುವುದೆಂದರೆ ಅದರೊಳಗೆ ಯಾರಿಗೆ ಜಾಗ ಎಂದು ತೀರ್ಮಾನಿಸುವುದು ಕೂಡ. ಸಾಂತ್ ಆಂದ್ರೆವ್‌ನಲ್ಲಿ ಆ ತೀರ್ಮಾನ ಜನರ ಪರವಾಗಿ ಆಯಿತು.

ಆವರಣದ ಇನ್ನೊಂದು ಮಗ್ಗುಲಲ್ಲಿ ಲಾರ್ಮೋನಿಯ ಎಂಬ ಸಮುದಾಯ ಭವನವಿದೆ. ಅದನ್ನು ನಡೆಸುವವರು ಬಡಾವಣೆಯ ಸಂಘಗಳೇ. ಸಂಗೀತ, ಸಭೆ, ತರಗತಿ ಎಲ್ಲಕ್ಕೂ ಅದೇ ಸೂರು. ಹೊಸದಾಗಿ ಬಂದ ಬಾಡಿಗೆದಾರರಿಗೆ ಪುಸ್ತಕ, ನಾಟಕ, ನೆರೆಹೊರೆ ಎಲ್ಲವೂ ಕಾಲ್ನಡಿಗೆಯಲ್ಲೇ. ಇವೆಲ್ಲ ಇಲ್ಲದ ಕಡೆ ಬರಿಯ ಮನೆ ಕಟ್ಟಿಕೊಟ್ಟರೆ ಅದು ಮಲಗಿ ಏಳುವ ತಾಣವಾದೀತು, ಊರಾಗದು.

46 ಮನೆಗಳಿಂದ ಬಾರ್ಸಿಲೋನಾದ ವಸತಿ ಸಂಕಟ ತೀರುವುದಿಲ್ಲ, ನಿಜ. ಆದರೆ ಕಾರ್ಖಾನೆ ಮುಚ್ಚಿತೆಂದರೆ ಒಡೆದು ಮಾರುವುದೊಂದೇ ದಾರಿ ಎನ್ನುವವರಿಗೆ ಇದು ಕಣ್ಣೆದುರಿನ ಉತ್ತರ. ಜಾಗವನ್ನು ಸಾರ್ವಜನಿಕರ ಕೈಯಲ್ಲಿ ಉಳಿಸಿಕೊಳ್ಳಿ, ದುಡಿದವರ ಮಾತು ಕೇಳಿ, ಬಾಡಿಗೆ ತೆರಲಾಗದವರನ್ನು ಮೊದಲು ಕರೆಯಿರಿ. ಆಗ ಹಳೆಯ ಕಟ್ಟಡ ಊರಿಗೆ ಎರಡನೇ ಸಲ ಅನ್ನ ಕೊಡುತ್ತದೆ.