ಅಟ್ಟಣೆಯ ಎತ್ತರ, ಮರಸಿನ ಮರೆ

ಕಾಡುಪ್ರಾಣಿ ಸಾಗುವ ಹಾದಿಯಲ್ಲಿ ಕಾದು ಕುಳಿತು ಬಾಣ ಬಿಡುವ ಬೇಟೆಗಾರನು ಬಿಲ್ಲಿಗಿಂತ ಮೊದಲು ಕೂರುವ ಜಾಗವನ್ನು ಆರಿಸಿಕೊಳ್ಳಬೇಕಾಗುತ್ತದೆ. ಅದು ಮರದ ಕವಲುಗಳ ನಡುವೆ ಕಟ್ಟಿದ ಅಟ್ಟಣೆ, ಅಂದರೆ ಶಿಕಾರಿಯ ಬರಹಗಳಲ್ಲಿ ಮಚಾನು ಎನಿಸಿಕೊಳ್ಳುವ ಎತ್ತರದ ಪೀಠವಾಗಿರಬಹುದು, ಇಲ್ಲವೇ ಸೊಪ್ಪು, ಮುಳ್ಳುಕಂಟಿ ಅಥವಾ ಬಟ್ಟೆಯಿಂದ ನೆಲದಲ್ಲೇ ಮಾಡಿಕೊಂಡ ಮರೆ, ಅಂದರೆ ಮರಸು ಆಗಿರಬಹುದು. ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರು ಈ ಎರಡರ ಗುಣದೋಷಗಳನ್ನು ಇಂದಿಗೂ ಚರ್ಚಿಸುತ್ತಾರೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲದೆ ಉರುಳೊಡ್ಡುವುದು, ಅಟ್ಟುವುದು, ಆಮಿಷವಿಡುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಬೇಟೆಯೇ ಆಗಿದ್ದು, ಬಿಲ್ಲುಗಾರನಿಗೆ ಅಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆದರೂ ಮೈಸೂರಿನ ಸುತ್ತಣ ಕಾಡಂಚಿನಲ್ಲಿ ಈ ಪ್ರಶ್ನೆ ಉಳಿದುಕೊಂಡಿದೆ. ಕೇಳುವವರು ಮಾತ್ರ ಬೇರೆಯವರು.

ಸಂಸ್ಥಾನದ ಕಾಲದಲ್ಲಿ ಅದು ಅರಮನೆಯ ಮತ್ತು ಅದರ ಅತಿಥಿಗಳ ಪ್ರಶ್ನೆಯಾಗಿತ್ತು. ಬಂಡೀಪುರವು 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನ ಅಭಯಾರಣ್ಯವಾಗಿ, 1941ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ವೇಣುಗೋಪಾಲ ವನ್ಯಜೀವಿ ಉದ್ಯಾನದ ಭಾಗವಾಗಿ ರೂಪುಗೊಂಡಿತು. ಅದೇ ಶತಮಾನದಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯು ದೇಶದ ನಾನಾ ಕಡೆಗಳಿಂದ ಬಂದ ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸಿಕೊಡುತ್ತಿತ್ತು. ಸ್ವತಃ ಬೇಟೆಗಾರರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ 1952ರಲ್ಲಿ ರಚನೆಯಾದ ರಾಷ್ಟ್ರಮಟ್ಟದ ವನ್ಯಜೀವಿ ಮಂಡಳಿಯ ಅಧ್ಯಕ್ಷರಾದರೆಂಬುದು ಆ ಕಾಲದ ಹೊರಳುವಿಕೆಯನ್ನು ಚೆನ್ನಾಗಿ ತೋರಿಸುತ್ತದೆ. ಆ ತಲೆಮಾರಿನ ಶಿಕಾರಿ ಸಾಹಿತ್ಯವು ಮಚಾನನ್ನು ಹಾಡಿ ಹೊಗಳಿದ್ದರೂ, ಅದು ಬಂದೂಕಿನವರ ಸಾಹಿತ್ಯವೆಂಬುದನ್ನು, ಹುಲಿಯಿಂದ ತನ್ನನ್ನು ಕಾಪಾಡಿಕೊಳ್ಳುವುದೇ ಅಲ್ಲಿ ಎತ್ತರದ ಮುಖ್ಯ ಪ್ರಯೋಜನವಾಗಿತ್ತೆಂಬುದನ್ನು ಮರೆಯಬಾರದು.

ಬಿಲ್ಲಿನ ಲೆಕ್ಕ ಬೇರೆ. ಬಂದೂಕನ್ನು ಮೊದಲೇ ಗುರಿಯತ್ತ ಹೂಡಿಟ್ಟು ಬೆರಳನ್ನಷ್ಟೇ ಆಡಿಸಿದರೆ ಸಾಕು. ಬಿಲ್ಲನ್ನಾದರೋ ಪ್ರಾಣಿಯು ಇಪ್ಪತ್ತು ಮೂವತ್ತು ಮೀಟರ್ ಸನಿಹಕ್ಕೆ ಬಂದ ಮೇಲೆ, ಭುಜ ತೋಳುಗಳೆಲ್ಲ ಅಲುಗುವಂತೆ, ಅದರ ಕಣ್ಣೆದುರಿಗೇ ಎಳೆಯಬೇಕು. ಜಿಂಕೆಯ ಕಣ್ಣು ಕೆಂಪು ಕಿತ್ತಳೆ ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದಾದರೂ ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಬಹು ಅಗಲದ ನೋಟವನ್ನು ಹಿಡಿಯುತ್ತದೆ, ಸಣ್ಣ ಚಲನೆಯನ್ನೂ ಬಿಡುವುದಿಲ್ಲ. ಆದ್ದರಿಂದ ಒಳಗೆ ಕತ್ತಲಿರುವ, ಕಿಂಡಿಯೊಂದನ್ನು ಮಾತ್ರ ತೆರೆದಿಟ್ಟ ನೆಲಮರಸು ಬಿಲ್ಲುಗಾರನಿಗೆ ಒದಗಿಸುವ ಅನುಕೂಲ ಬಂದೂಕಿನವನಿಗೆ ಅಷ್ಟಾಗಿ ಬೇಕಾಗದು. ಆದರೆ ಅದನ್ನು ಹಲವು ದಿನ ಮೊದಲೇ ನೆಟ್ಟು ಪ್ರಾಣಿಗಳಿಗೆ ರೂಢಿಯಾಗಲು ಬಿಡಬೇಕಾಗುತ್ತದೆ. ಅಟ್ಟಣೆಯವನು ಜಿಂಕೆ ಸಾಮಾನ್ಯವಾಗಿ ತಲೆಯೆತ್ತಿ ನೋಡದೆಂಬ ನಂಬಿಕೆಯ ಮೇಲೆ ಕೂರುತ್ತಾನೆ. ಬಂಡೀಪುರದಂಥ ಕಾಡಿನಲ್ಲಿ ಈ ನಂಬಿಕೆ ಅರ್ಧ ಮಾತ್ರ ನಿಜ, ಏಕೆಂದರೆ ಮರದ ತುದಿಯಲ್ಲಿರುವ ಮುಸುವಗಳಿಗೆ ಅಟ್ಟಣೆಯೇ ಕೆಳಗಿರುತ್ತದೆ, ಅವುಗಳ ಕೂಗಿಗೆ ಚುಕ್ಕೆಜಿಂಕೆಗಳ ಹಿಂಡು ತಕ್ಷಣ ಕಿವಿ ನಿಮಿರಿಸುತ್ತದೆ. ನೆಲದ ಮೇಲೆ ಲಂಟಾನದ ಪೊದೆ ಮರಸಿಗೆ ಧಾರಾಳವಾಗಿ ಒದಗಿದರೂ ಅದೇ ಪೊದೆ ಹತ್ತು ಮಾರಿನಾಚೆಯ ನೋಟವನ್ನು ಮುಚ್ಚಿಬಿಡುತ್ತದೆ.

ಕಣ್ಣಿಗಿಂತ ಹೆಚ್ಚು ಕಾಡುವುದು ಮೂಗು. ಬೆಳಿಗ್ಗೆ ಬಿಸಿಲೇರಿದಂತೆ ಕಾದ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ, ಸಂಜೆ ತಂಪಾದ ಗಾಳಿ ಕಣಿವೆಯತ್ತ ಜಾರುತ್ತದೆ. ಬಿಳಿಗಿರಿರಂಗನ ಬೆಟ್ಟದಂಥ ಏರಿಳಿತದ ನೆಲದಲ್ಲಿ ಬೆಳಗಿನ ಒಳ್ಳೆಯ ಜಾಗವೇ ಸಂಜೆಗೆ ಕೆಟ್ಟ ಜಾಗವಾಗಬಹುದು. ಎತ್ತರದಲ್ಲಿ ಕುಳಿತವನ ಮೈವಾಸನೆ ಹತ್ತಿರದ ಪ್ರಾಣಿಯ ತಲೆಯ ಮೇಲೆ ಹಾದುಹೋಗುವ ಸಂಭವ ಹೆಚ್ಚು, ಮರಸಿನವನದು ನೆಲಮಟ್ಟದಲ್ಲೇ ಹರಡುತ್ತದೆ. ವಾಸನೆ ಗ್ರಹಿಸುವ ಸುಮಾರು 2000 ಜೀನುಗಳು ಆಫ್ರಿಕದ ಆನೆಯಲ್ಲಿ ಪತ್ತೆಯಾಗಿದ್ದು, ಆನೆಗಳಿರುವ ಕಾಡಿನಲ್ಲಿ ಗಾಳಿಯ ದಿಕ್ಕು ತಿಳಿಯದೆ ನೆಲದಲ್ಲಿ ಅಡಗುವುದು ಸಾಹಸವಲ್ಲ, ಅವಿವೇಕ.

ಇನ್ನು ಕೋನದ ವಿಷಯ. ಆರು ಮೀಟರ್ ಎತ್ತರದ ಅಟ್ಟಣೆಯಿಂದ, ಮರದ ಬುಡಕ್ಕೆ ಹದಿನೆಂಟು ಮೀಟರ್ ದೂರದ ಜಾಗದತ್ತ ನೋಟವು ಸುಮಾರು 18 ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ; ಪ್ರಾಣಿಯು ಆರು ಮೀಟರಿಗೆ ಬಂದರೆ ಅದು 45 ಡಿಗ್ರಿಯಾಗುತ್ತದೆ. ಆಗ ಕಣ್ಣಿಗೆ ಕಾಣುವ ದೂರ ಎಂಟೂವರೆ ಮೀಟರ್, ಬಾಣವನ್ನು ಗುರುತ್ವ ಕೆಳಕ್ಕೆಳೆಯುವ ಲೆಕ್ಕಕ್ಕೆ ಸಿಗುವುದು ಹೆಚ್ಚುಕಡಿಮೆ ಆರು ಮೀಟರಿನ ಅಡ್ಡದೂರ. ಇದನ್ನರಿಯದವನ ಬಾಣ ಗುರಿಗಿಂತ ಮೇಲೆ ಹೋಗುತ್ತದೆ. ಬಾಣವು ಗುಂಡಿನಂತೆ ಆಘಾತದಿಂದಲ್ಲದೆ ರಕ್ತಸ್ರಾವದಿಂದ ಕೊಲ್ಲುವುದರಿಂದ ಎರಡು ಶ್ವಾಸಕೋಶಗಳನ್ನೂ ಹಾಯಬೇಕು. ತೀರ ಕಡಿದಾಗಿ ಇಳಿದ ಬಾಣ ಒಂದನ್ನಷ್ಟೇ ಕೊರೆದರೆ, ಗಾಯಗೊಂಡ ಪ್ರಾಣಿ ಬಹುದೂರ ಓಡಿ ನರಳುತ್ತದೆ.

ಈ ಗಣಿತವೆಲ್ಲ ಇಂದು ಮೈಸೂರು ಸೀಮೆಯಲ್ಲಿ ಉಪಯೋಗಕ್ಕೆ ಬರುವುದು ಅರಣ್ಯ ಇಲಾಖೆಯ ಪಶುವೈದ್ಯರಿಗೆ. ಅರಿವಳಿಕೆಯ ಬಂದೂಕು ಹೆಸರಿಗೆ ಬಂದೂಕಾದರೂ ಅದರಿಂದ ಹೊರಡುವ, ಹಿಂಬದಿಗೆ ಕುಚ್ಚು ಕಟ್ಟಿದ ಸಿರಿಂಜು ನಡತೆಯಲ್ಲಿ ಬಾಣಕ್ಕೇ ಹತ್ತಿರ: ವೇಗ ಕಡಿಮೆ, ಹಾದಿ ಬಾಗು, ತಗುಲಬೇಕಾದದ್ದು ಭುಜ ಅಥವಾ ತೊಡೆಯ ದಪ್ಪ ಮಾಂಸಖಂಡಕ್ಕೆ. ಕ್ಸೈಲಜಿನ್, ಕೀಟಮಿನ್ ಔಷಧಗಳು ಮೈಗೇರಲು ಕೆಲವು ನಿಮಿಷ ಬೇಕಾಗಿ, ಅಷ್ಟರಲ್ಲಿ ಹುಲಿ ಪೊದೆ ಸೇರಿಬಿಡುವುದರಿಂದ ಅದನ್ನು ಹುಡುಕಿ ಹಿಂಬಾಲಿಸುವ ಕಷ್ಟವೂ ಬಿಲ್ಲುಗಾರನದ್ದೇ. ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಸುತ್ತ ಇಬ್ಬರ ಸಾವಿಗೆ ಕಾರಣವಾದ ಹುಲಿಯನ್ನು 2019ರ ಅಕ್ಟೋಬರ್‌ನಲ್ಲಿ ಹಿಡಿದಂಥ ಕಾರ್ಯಾಚರಣೆಗಳಲ್ಲಿ ಸಾಕಾನೆಯ ಬೆನ್ನೇ ನಡೆದಾಡುವ ಅಟ್ಟಣೆಯಾಗುತ್ತದೆ. ಎತ್ತರ, ರಕ್ಷಣೆ, ಹಿಂಬಾಲಿಸುವ ಅನುಕೂಲ ಮೂರನ್ನೂ ಒಟ್ಟಿಗೆ ಕೊಡುವ ಬೇರೆ ಪೀಠವಿಲ್ಲ. ಕ್ಯಾಮೆರಾದವರ ಒಲವು ಇದಕ್ಕೆ ವಿರುದ್ಧ: ಮೇಲಿನಿಂದ ತೆಗೆದ ಚಿತ್ರದಲ್ಲಿ ಪ್ರಾಣಿ ಚಪ್ಪಟೆಯಾಗಿ ಬೆನ್ನಷ್ಟೇ ಕಾಣುವುದರಿಂದ ಅವರು ಪ್ರಾಣಿಯ ಕಣ್ಣಿನ ಮಟ್ಟವನ್ನು ಬಯಸುತ್ತಾರೆ, ಹುಲಿ ಗಣತಿಯ ಸ್ವಯಂಚಾಲಿತ ಕ್ಯಾಮೆರಾಗಳನ್ನೂ ಪಕ್ಕೆಯ ಪಟ್ಟೆಗಳು ಸ್ಪಷ್ಟವಾಗಿ ಸಿಗಲೆಂದು ಮೊಣಕಾಲೆತ್ತರದಲ್ಲೇ ಕಟ್ಟುತ್ತಾರೆ.

ಆಯ್ಕೆಯೇ ಇಲ್ಲದೆ ಮೇಲೇರುವವರು ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಗುಂಡ್ಲುಪೇಟೆ ತಾಲ್ಲೂಕುಗಳ ಕಾಡಂಚಿನ ರೈತರು. ರಾಗಿ, ಜೋಳ ತೆನೆಗಟ್ಟುವ ಕಾಲದಲ್ಲಿ ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ಅವರು ಹೊಲದಂಚಿನ ಮರದಲ್ಲಿ ಅಟ್ಟಣೆ ಕಟ್ಟಿ ಟಾರ್ಚು, ಪಟಾಕಿ ಹಿಡಿದು ರಾತ್ರಿ ಕಾಯುತ್ತಾರೆ. ಇಲ್ಲಿ ಅಡಗುವ ಮಾತೇ ಇಲ್ಲ, ಕೂಗಿ ಬೆಳಕು ಬೀರಿ ತಾನಿರುವುದನ್ನು ತಿಳಿಸುವುದೇ ಕೆಲಸ. ಅಟ್ಟಣೆ ಸೊಂಡಿಲಿಗೆ ಎಟುಕದಷ್ಟು ಮೇಲಿರಬೇಕು, ಮರ ಆನೆ ನೂಕಿದರೆ ಉರುಳದಷ್ಟು ದಪ್ಪವಿರಬೇಕು, ಕೆಂಜಿಗದ ಗೂಡಿರಬಾರದು. ಚಿರತೆ, ಕರಡಿ ಎರಡೂ ಮರ ಹತ್ತಬಲ್ಲವಾದ್ದರಿಂದ ಅವುಗಳ ಮಟ್ಟಿಗೆ ಎತ್ತರ ರಕ್ಷಣೆಯೂ ಅಲ್ಲ. ಅಮೆರಿಕದ ಅಟ್ಟಣೆ ಬೇಟೆಗಾರರಿಗೆ ಪ್ರಾಣಿಗಿಂತ ಬಿದ್ದು ಪೆಟ್ಟಾಗುವ ಅಪಾಯವೇ ದೊಡ್ಡದಾಗಿರುವುದರಿಂದ, ಎದೆ ತೊಡೆಗಳನ್ನು ಸುತ್ತುವ ಪಟ್ಟಿಯನ್ನು ಕಾಂಡಕ್ಕೆ ಬಿಗಿದುಕೊಂಡು ಕೂರುವುದು, ಸಾಮಾನನ್ನು ಕೈಯಲ್ಲಿ ಹಿಡಿದು ಹತ್ತದೆ ಆಮೇಲೆ ಹಗ್ಗದಿಂದ ಎಳೆದುಕೊಳ್ಳುವುದು ಅಲ್ಲಿನ ಮೊದಲ ಪಾಠಗಳಾಗಿವೆ. ನಿದ್ದೆಗಣ್ಣಿನಲ್ಲಿ ಬೆಳಗಾಗುವವರೆಗೆ ಮರದ ಮೇಲಿರುವ ರೈತನಿಗೆ ಪರದೇಶದ ಬೇಟೆಯಿಂದ ಎರವಲು ತರಬಹುದಾದ ವಸ್ತು ಆ ಪಟ್ಟಿಯೊಂದೇ. ಬೆಳೆಹಾನಿಗೆ ಪರಿಹಾರ ನೀಡುವ ವ್ಯವಸ್ಥೆಯು ಕಾವಲುಗಾರನಿಗೆ ಅದನ್ನೂ ಒದಗಿಸಿದರೆ ಹೆಚ್ಚಿನ ವೆಚ್ಚವೇನೂ ಆಗದು.