ಚೊಚ್ಚಲ ಮಗುವಿಗೆ ದುಬಾರಿ ಪ್ರ್ಯಾಮ್ ಬೇಕೇ? ಕುಂದಾಪುರ ಸೀಮೆಯ ಮಣ್ಣು, ಮಳೆ ಮತ್ತು ಮನೆಯ ಲೆಕ್ಕ

ಸೀಮಂತ ಮುಗಿಸಿಕೊಂಡು ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತವರು ಕುಂದಾಪುರದ ಪೇಟೆಯಲ್ಲಿರಬಹುದು, ಬೈಂದೂರಿನ ಒಳಹಳ್ಳಿಯಲ್ಲಿರಬಹುದು, ಬ್ರಹ್ಮಾವರದ ಹತ್ತಿರದ ತೋಟದ ಮನೆಯಾಗಿರಬಹುದು. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಅಳಿಯ ವಾಟ್ಸಾಪ್‌ನಲ್ಲಿ ಒಂದು ಪ್ರ್ಯಾಮಿನ ಚಿತ್ರ ಕಳಿಸುತ್ತಾನೆ. ಬೆಲೆ 40,000 ರೂಪಾಯಿ. ಮೊದಲ ಮಗು, ಸುರಕ್ಷತೆಯಲ್ಲಿ ರಾಜಿ ಬೇಡ ಎಂಬುದು ಅವನ ವಾದ. "ಇದ್ನ ಎಲ್ ದೂಡುದ್? ಗೆದ್ದಿ ಅಂಚಿನ್ ಮೇಲಾ?" ಎಂಬುದು ಅಜ್ಜಿಯ ಪ್ರಶ್ನೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಬೆಲೆ ಹೆಚ್ಚಾದಷ್ಟೂ ಮಗು ಸುರಕ್ಷಿತ ಎಂಬ ನಂಬಿಕೆಯೂ, ಹಿಂದೆ ಇಲ್ಲದ್ದು ಈಗಲೂ ಬೇಡ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ದುಬಾರಿ ಪ್ರ್ಯಾಮಿನಲ್ಲಿ ನಾವು ಯಾವುದಕ್ಕೆ ಹಣ ಕೊಡುತ್ತೇವೆ, ಅದು ನಮ್ಮ ಕರಾವಳಿಯಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ, ಅದೇ ಹಣ ಮೊದಲು ಎಲ್ಲಿಗೆ ಹೋಗಬೇಕು ಎಂದು ನೋಡೋಣ.

ಹೆಚ್ಚಿನ ಬೆಲೆಗೆ ಸಿಗುವುದೇನು?

1733ರಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್, ಡೆವನ್‌ಶೈರ್‌ನ ಡ್ಯೂಕ್‌ನ ಮಕ್ಕಳಿಗಾಗಿ ಆಡು ಅಥವಾ ಸಣ್ಣ ಕುದುರೆ ಎಳೆಯುವ ಪುಟ್ಟ ಗಾಡಿಯೊಂದನ್ನು ಮಾಡಿದ. ಮಗುವಿನ ಗಾಡಿಯ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದ ಶುರುವಾಗುತ್ತದೆ. 1965ರಲ್ಲಿ ವಿಮಾನ ಎಂಜಿನಿಯರ್ ಓವನ್ ಮ್ಯಾಕ್ಲಾರೆನ್, ಕೊಡೆಯಂತೆ ಮಡಚುವ ಹಗುರ ಗಾಡಿಗೆ ಪೇಟೆಂಟ್ ಪಡೆದ. ಇಂದಿಗೂ ಮುಖ್ಯವಾಗಿ ಈ ಎರಡು ಬಗೆಗಳೇ ಇವೆ: ಎಳೆ ಮಗುವನ್ನು ಅಂಗಾತ ಮಲಗಿಸುವ ಭಾರವಾದ ಪ್ರ್ಯಾಮ್, ಕೂರಲು ಕಲಿತ ಮಗುವಿನ ಹಗುರವಾದ ಸ್ಟ್ರೋಲರ್. ನಮ್ಮ ಅಂಗಡಿಗಳಲ್ಲಿ ಎರಡನ್ನೂ ಪ್ರ್ಯಾಮ್ ಎಂದೇ ಕರೆಯುವುದರಿಂದ ಗೊಂದಲ ಅಲ್ಲಿಂದಲೇ ಶುರು.

ನಾಲ್ಕೈದು ಸಾವಿರದ ಗಾಡಿಗೂ ನಲವತ್ತು ಸಾವಿರದ ಗಾಡಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ದೊಡ್ಡ ಚಕ್ರ, ಸಸ್ಪೆನ್ಷನ್, ಬೇರ್ಪಡಿಸಬಹುದಾದ ಮಲಗುವ ಬುಟ್ಟಿ, ಒಂದೇ ಕೈಯಲ್ಲಿ ಮಡಚುವ ಅನುಕೂಲ, ಬಟ್ಟೆಯ ಗುಣಮಟ್ಟ ಮತ್ತು ಹೆಸರು. ಸುರಕ್ಷತೆಗೆ ಬೇಕಾದದ್ದು ಬೇರೆ: ಗಟ್ಟಿಯಾಗಿ ಹಿಡಿಯುವ ಬ್ರೇಕ್, ಹೆಗಲು, ಸೊಂಟ, ತೊಡೆಸಂದು ಹಿಡಿಯುವ ಐದು ಬಿಂದುಗಳ ಬೆಲ್ಟ್, ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕ್. ಇವು ಮಧ್ಯಮ ಬೆಲೆಯ ಗಾಡಿಗಳಲ್ಲೂ ಸಿಗುತ್ತವೆ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಮಾನದಂಡದ ಗುರುತು ಇದೆಯೇ ಎಂದು ನೋಡುವುದು ಬೆಲೆ ನೋಡುವುದಕ್ಕಿಂತ ಒಳ್ಳೆಯದು.

ಚಕ್ರ ಮತ್ತು ಕಲ್ಲಿನ ಲೆಕ್ಕ

ದೊಡ್ಡ ಚಕ್ರಕ್ಕೆ ಹೆಚ್ಚು ಹಣ ಕೇಳುವುದರ ಹಿಂದೆ ನಿಜವಾದ ಭೌತವಿಜ್ಞಾನವಿದೆ. ದಾರಿಯಲ್ಲಿ 2 ಸೆಂ.ಮೀ. ಎತ್ತರದ ಕಲ್ಲೊಂದು ಅಡ್ಡ ಬಂತು ಎನ್ನಿ. ಮುಂದಿನ ಚಕ್ರಗಳ ಮೇಲೆ 8 ಕೆ.ಜಿ. ಭಾರವಿದೆ. ಚಕ್ರದ ವ್ಯಾಸ 12 ಸೆಂ.ಮೀ. ಆಗಿದ್ದರೆ, ನೇರ ಮುಂದಕ್ಕೆ ತಳ್ಳಿ ಕಲ್ಲು ಹತ್ತಿಸಲು ಸುಮಾರು 9 ಕೆ.ಜಿ. ಭಾರದಷ್ಟು ಬಲ ಬೇಕು. ವ್ಯಾಸ 30 ಸೆಂ.ಮೀ. ಆದರೆ ಸುಮಾರು 4.6 ಕೆ.ಜಿ.ಯಷ್ಟು ಸಾಕು. ಕಲ್ಲು 4 ಸೆಂ.ಮೀ. ಎತ್ತರದ್ದಾದರೆ ಸಣ್ಣ ಚಕ್ರಕ್ಕೆ ಬೇಕಾದ ಬಲ 22 ಕೆ.ಜಿ.ಯನ್ನೂ ದಾಟುತ್ತದೆ. ಅಂದರೆ ಚಕ್ರ ಹತ್ತುವುದಿಲ್ಲ, ಗಾಡಿ ಮುಗ್ಗರಿಸುತ್ತದೆ.

ಈಗ ನಮ್ಮ ದಾರಿಗಳನ್ನು ನೆನಪಿಸಿಕೊಳ್ಳಿ. ಅಂಗಳದಿಂದ ರಸ್ತೆಯವರೆಗೆ ಕೆಂಪುಕಲ್ಲಿನ ಚೂರು, ಮಳೆನೀರು ಕೊರೆದ ಗುಂಡಿ. ಮನೆಗೆ ಹತ್ತಲು ಮೆಟ್ಟಿಲು, ಜಗಲಿ, ಎತ್ತರದ ಹೊಸ್ತಿಲು. ಒಳಹಳ್ಳಿಗಳಲ್ಲಿ ತೋಡು ದಾಟಲು ಕಾಲುಸಂಕ. ಸಣ್ಣ ಚಕ್ರದ ಅಗ್ಗದ ಗಾಡಿ ಇಲ್ಲಿ ಓಡುವುದಿಲ್ಲ. ದೊಡ್ಡ ಚಕ್ರದ್ದು ಓಡುತ್ತದೆ, ಆದರೆ ಅದರ ತೂಕವೇ ಸುಮಾರು 10ರಿಂದ 13 ಕೆ.ಜಿ. ಮೆಟ್ಟಿಲು ಬಂದಾಗಲೆಲ್ಲ ಮಗುವನ್ನೂ ಗಾಡಿಯನ್ನೂ ಬೇರೆ ಬೇರೆಯಾಗಿ ಎತ್ತಬೇಕು. ಮಣಿಪಾಲಕ್ಕೋ ಉಡುಪಿಗೋ ಹೋಗುವ ತುಂಬಿದ ಖಾಸಗಿ ಬಸ್ಸಿಗೆ ಅದನ್ನು ಹತ್ತಿಸುವುದು ಇನ್ನೂ ಕಷ್ಟ. ಅಜ್ಜಿಯ ಪ್ರಶ್ನೆಗೆ ತೂಕ ಬರುವುದು ಇಲ್ಲಿಯೇ.

ಮೊದಲ ತಿಂಗಳುಗಳಲ್ಲಿ ಕುತ್ತಿಗೆಯದ್ದೇ ಚಿಂತೆ

ಹುಟ್ಟಿದ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಕುತ್ತಿಗೆಯ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಕತ್ತು ನಿಲ್ಲಲು ಸುಮಾರು ನಾಲ್ಕು ತಿಂಗಳು, ಆಧಾರವಿಲ್ಲದೆ ಕೂರಲು ಆರರಿಂದ ಎಂಟು ತಿಂಗಳು ಬೇಕು. ಅಷ್ಟರೊಳಗೆ ಮಗುವನ್ನು ಅರೆಕೂತ ಭಂಗಿಯಲ್ಲಿ ಮಲಗಲು ಬಿಟ್ಟರೆ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಬಹುದು. ಮಗುವಿನ ಶ್ವಾಸನಾಳ ಮೃದು ಮತ್ತು ಕಿರಿದು. ಅದು ಮಡಚಿದರೆ ಸದ್ದಿಲ್ಲದೆ ಉಸಿರು ಕಟ್ಟಬಹುದು. ಸ್ಟ್ರೋಲರ್, ಕಾರ್ ಸೀಟ್, ಸ್ವಿಂಗ್‌ಗಳನ್ನು ದಿನನಿತ್ಯದ ನಿದ್ದೆಯ ಜಾಗ ಮಾಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಇದಕ್ಕೇ. ಎಳೆ ಶಿಶುವಿಗೆ ಬೇಕಾದದ್ದು ಸಮತಟ್ಟಾದ, ಗಟ್ಟಿಯಾದ ಹಾಸಿಗೆ ಮತ್ತು ಅಂಗಾತ ಮಲಗುವ ಭಂಗಿ.

ಹಾಗಾಗಿ ಆರು ತಿಂಗಳೊಳಗಿನ ಮಗುವಿಗೆ ಪ್ರ್ಯಾಮ್ ಬೇಕೆಂದರೆ ಪೂರ್ತಿ ಮಲಗಿಸಬಹುದಾದದ್ದೇ ಬೇಕು. ಆದರೆ ಈ ತಿಂಗಳುಗಳಲ್ಲಿ ಹೆಚ್ಚಿನ ಶಿಶುಗಳು ಬಾಣಂತಿ ಕೋಣೆ ಬಿಟ್ಟು ದೂರ ಹೋಗುವುದು ಲಸಿಕೆಗೆ ಮಾತ್ರ. ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ಅತ್ತೆ ಎಂದು ನಾಲ್ಕಾರು ಕೈಗಳಿರುತ್ತವೆ.

ಇದರರ್ಥ ನಮ್ಮ ಹಳೆಯ ಪದ್ಧತಿಗಳೆಲ್ಲ ಸುರಕ್ಷಿತ ಎಂದಲ್ಲ. ಸೀರೆ ಕಟ್ಟಿದ ಜೋಲಿಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗುವ ಅಪಾಯ ಸ್ಟ್ರೋಲರ್‌ನಲ್ಲಿ ಇರುವಂಥದ್ದೇ. ತಳ ಸಮತಟ್ಟಾಗಿರುವ ಮರದ ತೊಟ್ಟಿಲು ಅದಕ್ಕಿಂತ ಮೇಲು. ಅದರಲ್ಲೂ ಮೆತ್ತನೆ ದಿಂಬು, ತೂಗುವ ಗೊಂಬೆಯ ದಾರ ಮಗುವಿನ ಕೈಗೆ ಸಿಗುವಂತೆ ಇರಬಾರದು. ಮಗು ಮಗುಚಲು, ಏಳಲು ಯತ್ನಿಸಿದ ದಿನ ತೊಟ್ಟಿಲಿನ ಕಾಲ ಮುಗಿಯಿತು ಎಂದುಕೊಳ್ಳಿ.

ಎತ್ತಿಕೊಂಡರೆ ಅಭ್ಯಾಸವಾಗುತ್ತದೆಯೇ?

"ಎತ್ತಿ ಎತ್ತಿ ಅಭ್ಯಾಸ ಮಾಡಬೇಡಿ, ಗಾಡಿಯಲ್ಲಿ ಹಾಕಿ" ಎನ್ನುವವರು ಇದ್ದಾರೆ. 1986ರಲ್ಲಿ ಪ್ರಕಟವಾದ ಹುನ್‌ಝಿಕರ್ ಮತ್ತು ಬಾರ್ ಅವರ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಶಿಶುಗಳು ಆರು ವಾರದ ವಯಸ್ಸಿನಲ್ಲಿ ಉಳಿದವಕ್ಕಿಂತ ಶೇ 43ರಷ್ಟು ಕಡಿಮೆ ಅತ್ತಿದ್ದವು. ಮುಂದಿನ ಕೆಲವು ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಪ್ರಯೋಜನ ಕಾಣಲಿಲ್ಲ. ಆದರೆ ಎಳೆ ಶಿಶುವನ್ನು ಎತ್ತಿಕೊಂಡರೆ ಅದು ಕೆಡುತ್ತದೆ ಎಂಬುದಕ್ಕಂತೂ ಈ ಅಧ್ಯಯನಗಳಲ್ಲಿ ಆಧಾರವಿಲ್ಲ.

ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ 21 ಶಿಶುಗಳ ಮೇಲೆ ನಡೆಸಿದ ಸಣ್ಣ ಅಧ್ಯಯನ ಇನ್ನೊಂದು ವಿಷಯ ತೋರಿಸಿತು. ಅಳುವ ಮಗುವನ್ನು ಎತ್ತಿಕೊಂಡು ಸುಮ್ಮನೆ ಕೂತರೆ ಹೆಚ್ಚು ಪ್ರಯೋಜನವಿಲ್ಲ. ಎತ್ತಿಕೊಂಡು ಐದು ನಿಮಿಷ ನಡೆದಾಗ ಹಲವು ಶಿಶುಗಳು ಶಾಂತವಾದವು, ಕೆಲವು ನಿದ್ದೆಗೂ ಜಾರಿದವು. ತೊಟ್ಟಿಲನ್ನು ಅತ್ತಿತ್ತ ಆಡಿಸಿದಾಗಲೂ ಅಳು ತಗ್ಗಿತು. ಮಗುವನ್ನು ಸಮಾಧಾನಗೊಳಿಸುವುದು ಚಲನೆ. ಅದು ಪ್ರ್ಯಾಮಿನದ್ದೇ ಆಗಬೇಕಿಲ್ಲ, ಅಜ್ಜಿಯ ತೋಳಿನದ್ದೂ ಆಗಬಹುದು.

ಮಳೆ, ಉಪ್ಪುಗಾಳಿ, ಸೆಕೆ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ಕೊನೆಗೆ ಹುಟ್ಟಿದ ಮಗುವಿನ ಪ್ರ್ಯಾಮ್ ಮೊದಲ ನಾಲ್ಕು ತಿಂಗಳು ಜಗಲಿಯ ಮೂಲೆಯಲ್ಲೇ ಇರುತ್ತದೆ. ಗಾಳಿಯ ತೇವಾಂಶ ಶೇ 80ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬಟ್ಟೆ, ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ. ಸೀಟಿನ ಬಟ್ಟೆ ಬಿಚ್ಚಿ ತೊಳೆಯಲು ಬರುವಂತಿಲ್ಲದಿದ್ದರೆ ಬೂಷ್ಟಿನ ವಾಸನೆ ಹೋಗುವುದು ಕಷ್ಟ. ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಚಟ್ಟವಲ್ಲ, ಸ್ಕ್ರೂ, ಅಚ್ಚು, ಬ್ರೇಕಿನ ಸ್ಪ್ರಿಂಗ್ ಮೊದಲು ತುಕ್ಕು ಹಿಡಿಯುತ್ತವೆ. ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೂ ಬ್ರೇಕನ್ನು ಆಗಾಗ ಪರೀಕ್ಷಿಸಲೇಬೇಕು.

ಮಾರ್ಚ್–ಮೇ ತಿಂಗಳಲ್ಲಿ ಬಿಸಿಲಿಗೆಂದು ಪ್ರ್ಯಾಮಿನ ಮೇಲೆ ಬಟ್ಟೆ ಮುಚ್ಚುವುದು ಸಾಮಾನ್ಯ. ಇದು ಅಪಾಯ. ಗಾಳಿ ನಿಂತು ಒಳಗೆ ಬಿಸಿ ಹೆಚ್ಚುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಒಣ ಬಟ್ಟೆ ಮುಚ್ಚಿದಾಗ ಒಳಗಿನ ಉಷ್ಣಾಂಶ ಏರುತ್ತದೆ, ಒದ್ದೆ ಬಟ್ಟೆ ಮತ್ತು ಸಣ್ಣ ಫ್ಯಾನ್ ಇಟ್ಟಾಗ ಇಳಿಯುತ್ತದೆ ಎಂದು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು. ಆದರೆ ಒದ್ದೆ ಬಟ್ಟೆ ತಂಪು ಕೊಡುವುದು ನೀರು ಆವಿಯಾದಾಗ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ನೀರು ನಿಧಾನವಾಗಿ ಆವಿಯಾಗುವುದರಿಂದ ಅಷ್ಟು ಫಲ ಸಿಗದು. ಬಿಸಿಲಿಳಿದ ಮೇಲೆ ಹೊರಡುವುದೇ ಲೇಸು.

ಹೆದ್ದಾರಿ ಬದಿಯಲ್ಲಿ ಇನ್ನೊಂದು ಸಂಗತಿಯಿದೆ. ರಾಷ್ಟ್ರೀಯ ಹೆದ್ದಾರಿ 66 ಮೂರೂ ಪೇಟೆಗಳನ್ನು ಹಾದು ಹೋಗುತ್ತದೆ. ಪ್ರ್ಯಾಮಿನಲ್ಲಿ ಮಗುವಿನ ಮೂಗು ನೆಲದಿಂದ 55–85 ಸೆಂ.ಮೀ. ಎತ್ತರದಲ್ಲಿರುತ್ತದೆ. ವಾಹನದ ಹೊಗೆ ದಟ್ಟವಾಗಿರುವುದೂ ನೆಲದಿಂದ ಒಂದು ಮೀಟರ್ ಒಳಗೆ. ದೊಡ್ಡವರಿಗಿಂತ ಶೇ 60ರವರೆಗೆ ಹೆಚ್ಚು ಮಾಲಿನ್ಯ ಪ್ರ್ಯಾಮಿನ ಮಗುವಿಗೆ ತಾಗಬಹುದು ಎಂದು ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ತಂಡ 2018ರಲ್ಲಿ ಅಂದಾಜಿಸಿತು. ಗಾಡಿ ಎಷ್ಟೇ ದುಬಾರಿಯಾದರೂ ಎತ್ತರ ಹೆಚ್ಚು ಬದಲಾಗುವುದಿಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್‌ನಂಥ ಕಡೆ ಮಗುವನ್ನು ತೋಳಿನಲ್ಲಿ ಎತ್ತಿಕೊಳ್ಳುವುದೇ ವಾಸಿ.

ಕಾರಿದ್ದರೆ ಮೊದಲು ಕಾರ್ ಸೀಟ್

ಸುರಕ್ಷತೆಯೇ ಮುಖ್ಯ ಎನ್ನುವುದಾದರೆ, ಕಾರಿರುವ ಮನೆಯವರು ಮೊದಲ ಹಣ ಹಾಕಬೇಕಾದ್ದು ಪ್ರ್ಯಾಮಿಗಲ್ಲ, ಕಾರ್ ಸೀಟಿಗೆ. ಮಕ್ಕಳ ಸೀಟ್ ಬಳಸಿದರೆ ಅಪಘಾತದಲ್ಲಿ ಮಕ್ಕಳ ಸಾವು ಕನಿಷ್ಠ ಶೇ 60ರಷ್ಟು ತಗ್ಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿಯ ಮಡಿಲು ಇಲ್ಲಿ ಸುರಕ್ಷಿತವಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ 4 ಕೆ.ಜಿ.ಯ ಮಗುವನ್ನೂ ತೋಳಿನಲ್ಲಿ ಹಿಡಿದಿಡಲು ಯಾರಿಂದಲೂ ಆಗದು. ಶಿಶುವಿನ ಸೀಟ್ ಹಿಂದಿನ ಆಸನದಲ್ಲಿ, ಹಿಮ್ಮುಖವಾಗಿ ಇರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಹಿಮ್ಮುಖ ಸೀಟನ್ನು ಎಂದೂ ಇಡಬಾರದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡವೂ ಇದೆ.

ಪ್ರ್ಯಾಮಿನ ಜೊತೆ ವಾಕರ್ ಕೊಳ್ಳುವುದನ್ನಂತೂ ಬಿಡಿ. ಅದು ನಡಿಗೆ ಬೇಗ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯ ಹೆಚ್ಚಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಹಾಗಾದರೆ ಯಾರಿಗೆ ಬೇಕು?

ಒಂದು ಸರಳ ಲೆಕ್ಕ ಹಾಕಿ. ಕೊಂಡ ಬೆಲೆಯಿಂದ ಮಾರಿದಾಗ ಸಿಗಬಹುದಾದ ಬೆಲೆ ಕಳೆದು, ಎಷ್ಟು ಸಲ ಬಳಸುತ್ತೀರೋ ಅದರಿಂದ ಭಾಗಿಸಿ. 40,000ಕ್ಕೆ ಕೊಂಡು 15,000ಕ್ಕೆ ಮಾರಿದರೆ ಖರ್ಚು 25,000. ಊರಿನಲ್ಲಿ ನೂರು ಸಲ ಬಳಸಿದರೆ ಒಂದು ಸಲಕ್ಕೆ 250 ರೂಪಾಯಿ. ಅದೇ ಗಾಡಿಯನ್ನು ಬೆಂಗಳೂರಿನ ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಒಂದೂವರೆ ವರ್ಷದಲ್ಲಿ 500 ಸಲ ಬಳಸಿದರೆ 50 ರೂಪಾಯಿ. 7,000ದ ಹಗುರ ಸ್ಟ್ರೋಲರ್ ಕೊಂಡು 2,000ಕ್ಕೆ ಮಾರಿದರೆ, ಊರಿನ ನೂರು ಬಳಕೆಗೂ ಸಲಕ್ಕೆ 50 ರೂಪಾಯಿಯೇ.

ಅವಳಿ ಮಕ್ಕಳಿರುವವರಿಗೆ, ಬೆನ್ನು ಅಥವಾ ಮಂಡಿ ನೋವಿನಿಂದ ಎತ್ತಲಾಗದವರಿಗೆ, ಸಿಸೇರಿಯನ್ ನಂತರ ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿಲ್ಲದ ತಾಯಿಗೆ, ಸಮತಟ್ಟಾದ ಕಾಂಕ್ರೀಟ್ ರಸ್ತೆಯ ಬದಿಯಲ್ಲಿ ಮನೆಯಿದ್ದು ದಿನವೂ ನಡೆಯುವವರಿಗೆ ಒಳ್ಳೆಯ ಪ್ರ್ಯಾಮ್ ನಿಜವಾದ ಸಹಾಯ. ಅಂಥವರು ಮಗುವಿನ ಮುಖ ತಳ್ಳುವವರ ಕಡೆಗಿರುವ ಗಾಡಿ ಆರಿಸಲಿ. 2008ರಲ್ಲಿ ಡಂಡೀ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಮುಖಾಮುಖಿ ಇದ್ದಾಗ ತಾಯಂದಿರು ಮಗುವಿನೊಡನೆ ಸುಮಾರು ಎರಡರಷ್ಟು ಮಾತಾಡಿದ್ದು ಕಂಡುಬಂತು.

ಉಳಿದವರು ಕಾಯುವುದೇ ಒಳ್ಳೆಯದು. ಮಗು ಹುಟ್ಟುವ ಮೊದಲು ಅದಕ್ಕಾಗಿ ಏನನ್ನೂ ತರಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಮೊದಲೇ ತಂದರೆ ಕೆಡುಕಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಪ್ರ್ಯಾಮಿನ ಮಟ್ಟಿಗೆ ಕಾದರೆ ನಷ್ಟವೂ ಇಲ್ಲ. ಮಗು ಕೂರಲು ಕಲಿಯಲಿ, ಮಳೆ ಬಿಡಲಿ, ಬಾಣಂತನ ಮುಗಿದು ತಾಯಿ ಮಗು ಎಲ್ಲಿ ನೆಲೆಸುತ್ತಾರೆಂದು ಗೊತ್ತಾಗಲಿ. ಆಮೇಲೆ ಅಂಗಡಿಗೆ ಹೋಗಿ, ಹತ್ತು ಕೆ.ಜಿ. ಅಕ್ಕಿ ಚೀಲವನ್ನು ಸೀಟಿನಲ್ಲಿಟ್ಟು ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ತಳ್ಳಿ ನೋಡಿ, ಬ್ರೇಕ್ ಹಾಕಿ ನೋಡಿ, ಮಡಚಿ ಒಂದೇ ಕೈಯಲ್ಲಿ ಎತ್ತಿ ನೋಡಿ. ಅಂಗಡಿಯ ನುಣುಪು ಟೈಲ್ಸ್ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ.